ಕೋಣಗಳ ಹೆಸರು ನೆನಪಿದೆ

ಐಕಳದ ಕಂಬಳ ನೋಡಿ ಬೆಳಗಿನ ಜಾವ ಬಜಪೆಗೆ ಹಿಂದಿರುಗುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದ ಕ್ರಮ. ಕಟೀಲು ದಾಟಿ ಪೇಟೆಗೆ ಬರುವಾಗ ಹೊಟೇಲಿನವರು ಆಗಷ್ಟೇ ಬಾಗಿಲು ತೆರೆದು ಚಹಾಕ್ಕೆ ನೀರಿಟ್ಟಿರುತ್ತಾರೆ. ಕಣ್ಣಲ್ಲಿ ನಿದ್ದೆಯಿದ್ದರೂ ಮಾತು ನಿಲ್ಲುವುದಿಲ್ಲ. ಹಗ್ಗ ಹಿರಿಯ ವಿಭಾಗದಲ್ಲಿ ಯಾರ ಕೋಣ ಮಂಜೊಟ್ಟಿಗೆ ಮೊದಲು ಮುಟ್ಟಿತು, ಕನೆಹಲಗೆಯ ನೀರು ನಿಜವಾಗಿಯೂ ನಿಶಾನೆಗೆ ಹಾರಿತೋ ಇಲ್ಲವೋ, ಇವೆಲ್ಲ ಅಲ್ಲಿ ಮತ್ತೊಮ್ಮೆ ತೀರ್ಮಾನವಾಗಬೇಕು. ನನ್ನನ್ನು ಚಿಕ್ಕಂದಿನಿಂದ ಕಂಬಳಕ್ಕೆ ಕರೆದುಕೊಂಡು ಹೋದವರು ಸೋದರಮಾವ. ಹೆಣ್ಣುಮಕ್ಕಳಿಗೆ ರಾತ್ರಿಯಿಡೀ ಅಲ್ಲೇನು ಕೆಲಸ ಎಂದು ಕೇಳಿದವರಿಗೆಲ್ಲ ಅವರೇ ಉತ್ತರ ಕೊಟ್ಟಿದ್ದಾರೆ. ಹಾಗಾಗಿ ಈ ಲೇಖನವನ್ನು ಕಂಬಳದ ವಿರೋಧಿಯೊಬ್ಬಳು ಬರೆದದ್ದೆಂದು ಯಾರೂ ತಿಳಿಯಬಾರದು.

2020ರ ಫೆಬ್ರವರಿಯಲ್ಲಿ ಇದೇ ಐಕಳದ ಕರೆಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಒಂದೇ ವಾರದಲ್ಲಿ ನಮ್ಮ ಕರಾವಳಿಯ ಕೆಸರಗದ್ದೆ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಗೌಡರು ಮಾತ್ರ ಈ ಹೋಲಿಕೆಯನ್ನು ಒಪ್ಪಲಿಲ್ಲ. ತಾನು ಓಡುವುದು ಗದ್ದೆಯಲ್ಲಿ, ವೇಗದ ಶ್ರೇಯಸ್ಸು ಕೋಣಗಳದ್ದೂ ಹೌದು ಎಂಬ ಅರ್ಥದಲ್ಲಿ ವಿನಯದಿಂದ ಮಾತನಾಡಿದರು. ಅಭಿಮಾನಿಗಳಿಗೆ ಅಷ್ಟು ವಿನಯ ಬೇಕಿರಲಿಲ್ಲ. ಮಾವನಿಗಂತೂ ಆ ವರ್ಷವಿಡೀ ಬೇರೆ ಮಾತೇ ಇರಲಿಲ್ಲ.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ನಾನು ಕೇಳಿದೆ: "ಮಾವ, ಹಿಂದೆ ಕೋಣ ಇಳಿಸುವುದಕ್ಕೆ ಮೊದಲು ಕೊರಗರನ್ನು ಕರೆಯಲ್ಲಿ ಓಡಿಸುತ್ತಿದ್ದರಲ್ಲ, ಅವರ ಸೆಕೆಂಡು ಯಾರಾದರೂ ಲೆಕ್ಕ ಹಾಕಿದ್ದಾರಾ?"

ಮಾವ ಗ್ಲಾಸು ಕೆಳಗಿಟ್ಟರು. "ನಿನಗೆ ಯಾವಾಗಲೂ ಇಂಥದ್ದೇ ಸಿಗುವುದು ಮಾರಾಯ್ತಿ. ಈಗ ಎಲ್ಲುಂಟು ಅದು?"

ಅವರ ಪ್ರಶ್ನೆಗೆ ಚರಿತ್ರೆಯ ವಿದ್ಯಾರ್ಥಿಯಾಗಿ ಉತ್ತರಿಸಬೇಕಾದರೆ ಮೊದಲು ಒಂದು ಕಾನೂನನ್ನು ಓದಬೇಕು. ಅದರ ಹೆಸರು ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ, 2000. ಅಜಲು ಎಂದರೇನು ಎಂದು ಅದು ನಾಲ್ಕು ಅಂಶಗಳಲ್ಲಿ ವಿವರಿಸುತ್ತದೆ. ಕೊರಗರಿಂದ ದುಡಿಸಿಕೊಂಡು ಕೂಲಿ ಕೊಡದಿರುವುದು ಅಥವಾ ಇತರರಿಗಿಂತ ಕಡಿಮೆ ಕೊಡುವುದು. ಅವರನ್ನು ಕೀಳು ಮನುಷ್ಯರೆಂದು ನಡೆಸಿಕೊಳ್ಳುವುದು. ಕೂದಲು, ಉಗುರಿನಂಥ ತಿನ್ನಬಾರದ ವಸ್ತುಗಳನ್ನು ಅನ್ನಕ್ಕೆ ಬೆರೆಸಿ ಅವರಿಗೆ ಉಣ್ಣಲು ಹೇಳುವುದು. ಮತ್ತು ಕಂಬಳ ಆರಂಭವಾಗುವ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು.

ನಾನು ಈ ನಾಲ್ಕನೆಯ ಅಂಶವನ್ನು ಮೊದಲ ಸಲ ಓದಿದ್ದು ಸಂಶೋಧನೆಗೆ ಸೇರಿದ ವರ್ಷ. ಶಾಸನಸಭೆಯೊಂದು ಕಾನೂನಿನ ಒಣ ಭಾಷೆಯಲ್ಲಿ ಒಂದು ಕ್ರೀಡೆಯ ಹೆಸರು ಹಿಡಿದು ಹೇಳಬೇಕಾಗಿ ಬಂತೆಂದರೆ ಅದು ಕಥೆಯಲ್ಲ, ಗಾಳಿಮಾತೂ ಅಲ್ಲ. ಆ ಇಸವಿಯನ್ನೂ ಗಮನಿಸಬೇಕು. ಅಸ್ಪೃಶ್ಯತೆಯನ್ನು ಸಂವಿಧಾನ ರದ್ದು ಮಾಡಿ ಐವತ್ತು ವರ್ಷಗಳಾದ ಮೇಲೆ ಬಂದ ಕಾನೂನು ಇದು.

ಕೊರಗರು ಈ ಮಣ್ಣಿನ ಹಳೆಯ ಜನ. ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು, ಕೊಳಲು ಊದುವುದು ಅವರ ಕೈಗೆ ಒಲಿದ ವಿದ್ಯೆಗಳು. ಹುಬಾಶಿಕನೆಂಬ ತಮ್ಮ ಅರಸ ಈ ನಾಡನ್ನು ಆಳಿದ, ಅವನನ್ನು ಮೋಸದಿಂದ ಕೊಂದ ಮೇಲೆ ತಮ್ಮವರು ಕಾಡಿಗೆ ಓಡಬೇಕಾಯಿತು ಎಂಬ ಐತಿಹ್ಯವಿದೆ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ 'ಅಂಡೆ ಕೊರಗ'ರ ಪ್ರಸ್ತಾಪ ಬರುತ್ತದೆ. ದಾರಿಯಲ್ಲಿ ಉಗುಳಿದರೂ ನೆಲ ಮೈಲಿಗೆಯಾಗುತ್ತದೆಂದು ಇವರು ಕೊರಳಿಗೆ ಅಂಡೆ ಕಟ್ಟಿಕೊಂಡು ಅದರೊಳಗೇ ಉಗುಳಬೇಕಿತ್ತಂತೆ. ಇಂದು ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಬುಡಕಟ್ಟುಗಳು ಎರಡೇ: ಜೇನು ಕುರುಬರು ಮತ್ತು ಕೊರಗರು. 2011ರ ಜನಗಣತಿಯ ಹೊತ್ತಿಗೆ ರಾಜ್ಯದಲ್ಲಿದ್ದ ಕೊರಗರು 15 ಸಾವಿರಕ್ಕಿಂತ ಕಡಿಮೆ. ದೊಡ್ಡ ಕಂಬಳವೊಂದಕ್ಕೆ ಒಂದು ರಾತ್ರಿ ಸೇರುವ ಜನ ಇದಕ್ಕಿಂತ ಹೆಚ್ಚು.

ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿಯಲ್ಲಿ ಕೂತು ಬೆಳಗಾಗುವವರೆಗೆ ಡೋಲು ಬಾರಿಸಬೇಕಿತ್ತು. ತುಳುವಿನಲ್ಲಿ ಇದಕ್ಕೆ 'ಪನಿಕುಲ್ಲುನು' ಎನ್ನುತ್ತಾರೆ, ಇಬ್ಬನಿಯಲ್ಲಿ ಕೂರುವುದು ಎಂದರ್ಥ. ಬೆಳಿಗ್ಗೆ ಕೋಣಗಳಿಗಿಂತ ಮೊದಲು ಅವರು ಕೆಸರಿಗೆ ಇಳಿಯಬೇಕಿತ್ತು. ಕೆಸರಿನಡಿ ಮುಳ್ಳೋ ಗಾಜೋ ಇದ್ದರೆ ಕೋಣದ ಕಾಲಿಗೆ ತಾಗದಿರಲಿ ಎಂಬುದು ಇದಕ್ಕೆ ಹೇಳುವ ಒಂದು ಕಾರಣ. ಯಾರಾದರೂ ಮಾಟ ಮಾಡಿದ್ದರೆ ಅದು ಮೊದಲು ಇವರಿಗೆ ಹಿಡಿಯಲಿ ಎಂಬುದು ಇನ್ನೊಂದು. ಎರಡರ ಲೆಕ್ಕವೂ ಒಂದೇ. ಕೂದಲು ಉಗುರು ಬೆರೆಸಿದ ಅನ್ನದ ಹಿಂದೆ ಇದ್ದದ್ದೂ ಇದೇ ನಂಬಿಕೆ: ಮನೆಯ ರೋಗ, ಪೀಡೆ, ದೋಷ ಯಾವುದಿದ್ದರೂ ಈ ಜನರ ಮೈಗೆ ದಾಟಿಸಬಹುದು.

ಇದನ್ನು ಬರೆಯುವಾಗ ನನ್ನ ಅಜ್ಜಿಯ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಅಜ್ಜಿಯ ತವರಿನಲ್ಲಿ ಸಣ್ಣದೊಂದು ಕಂಬಳಗದ್ದೆ ಇತ್ತು. ಜೋಡುಕರೆ, ಬಹುಮಾನ ಯಾವುದೂ ಇಲ್ಲದ, ಪೂಕರೆ ಹಾಕುವ ಮನೆಯ ಕಂಬಳ. ಈಗ ಅಲ್ಲಿ ಅಡಿಕೆ ತೋಟವಿದೆ. ಅಜ್ಜಿಯನ್ನು ಕೂರಿಸಿ ನೆನಪುಗಳನ್ನು ಬರೆದುಕೊಳ್ಳುತ್ತಿದ್ದೆ. ಪೂಕರೆಗೆ ಕಟ್ಟುವ ಹೂವು, ಗದ್ದೆಗೆ ಬಂದವರಿಗೆ ಮಾಡುವ ಊಟ ಎಲ್ಲವನ್ನೂ ಹೇಳಿ, ಅದೇ ದನಿಯಲ್ಲಿ, "ಅವರು ಒಮ್ಮೆ ಓಡಿ ಆದ ಮೇಲೆ ಕೋಣ ಇಳಿಸುವುದು" ಎಂದರು.

"ಅವರು ಅಂದರೆ ಯಾರಜ್ಜಿ?"

"ಕೊರಗರು. ಮತ್ತೆ ಯಾರು?"

"ಹೆಸರು ನೆನಪುಂಟಾ?"

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ. ಆದರೆ ಆ ಗದ್ದೆಯಲ್ಲಿ ಓಡಿದ ಕೋಣಗಳ ಹೆಸರು ಅವರಿಗೆ ನೆನಪಿತ್ತು: ಬೊಲ್ಲ, ಕಾಳ. ಬೊಲ್ಲನ ಹಣೆಯಲ್ಲಿ ಬಿಳಿ ಮಚ್ಚೆ ಇತ್ತಂತೆ.

ಮಾವ "ಈಗ ಎಲ್ಲುಂಟು ಅದು" ಎಂದಾಗ ನನಗೆ ನೆನಪಾದದ್ದು ಈ ಮಾತುಕತೆ. ಮುಗಿದುಹೋದ ಅವಮಾನದ ಬಗ್ಗೆ ಅಭಿಮಾನಿ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ ನಮ್ಮೂರಿನದ್ದು ಮಾತ್ರವಲ್ಲ. ಕ್ರೀಡೆಯ ಚರಿತ್ರೆ ಓದುತ್ತಾ ಹೋದ ಹಾಗೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಇದೇ ವಾದಗಳನ್ನು ಆಡುವುದನ್ನು ಕಂಡೆ.

ಅಟ್ಲಾಂಟಾ ನಗರದ ಬೇಸ್‌ಬಾಲ್ ತಂಡದ ಹೆಸರು ಬ್ರೇವ್ಸ್. 1991ರಿಂದ ಅದರ ಅಭಿಮಾನಿಗಳು ಸಾವಿರಗಟ್ಟಲೆ ಸೇರಿ ಮೂಲನಿವಾಸಿಗಳ ಯುದ್ಧದ ಹಾಡಿನಂತೆ ರಾಗ ಎಳೆಯುತ್ತಾ, ಕೈಯನ್ನು ಕೊಡಲಿಯಂತೆ ಬೀಸುತ್ತಾರೆ. 2019ರ ಅಕ್ಟೋಬರಿನಲ್ಲಿ ಎದುರಾಳಿ ತಂಡದ ಬೌಲರ್ ರಯಾನ್ ಹೆಲ್ಸ್ಲಿ ಇದು ತನ್ನ ಜನರಿಗೆ ಅಗೌರವ ಎಂದು ಹೇಳಿದರು. ಅವರು ಚೆರೊಕೀ ಸಮುದಾಯದವರು. ಅಟ್ಲಾಂಟಾ ಇರುವ ಜಾರ್ಜಿಯಾ ಪ್ರಾಂತ್ಯದಿಂದ 1838ರಲ್ಲಿ ಸೈನ್ಯ ಬಳಸಿ ಹೊರಗಟ್ಟಿದ್ದು ಅದೇ ಚೆರೊಕೀ ಜನರನ್ನು. ಆ ದಾರಿಯಲ್ಲಿ ಸತ್ತವರು ಸಾವಿರಾರು. ಹೆಲ್ಸ್ಲಿ ಮಾತಾಡಿದ ಮೇಲೆ ಆ ಸರಣಿಯ ಕೊನೆಯ ಪಂದ್ಯದಲ್ಲಿ ಪ್ರೇಕ್ಷಕರಿಗೆ ಸ್ಪಂಜಿನ ಕೊಡಲಿ ಹಂಚುವುದನ್ನು ತಂಡ ನಿಲ್ಲಿಸಿತು. ಕೈ ಬೀಸುವುದು ಮಾತ್ರ ನಿಲ್ಲಲಿಲ್ಲ. ಕ್ಲೀವ್‌ಲ್ಯಾಂಡಿನ ತಂಡ ಇನ್ನೂ ಮುಂದೆ ಹೋಯಿತು. ಗರಿ ಸಿಕ್ಕಿಸಿಕೊಂಡು ಹಲ್ಲು ಕಿರಿಯುವ ಕೆಂಪು ಮುಖದ ಲಾಂಛನವನ್ನು 2019ರಿಂದ ಆಟಗಾರರ ಉಡುಪಿನಿಂದ ತೆಗೆಯಿತು. 2022ರ ಋತುವಿನಿಂದ 'ಇಂಡಿಯನ್ಸ್' ಹೆಸರನ್ನೂ ಬಿಟ್ಟು 'ಗಾರ್ಡಿಯನ್ಸ್' ಆಯಿತು.

ಅಲ್ಲಿನ ಅಭಿಮಾನಿಗಳ ವಾದಗಳನ್ನು ಕನ್ನಡದಲ್ಲಿ ಬರೆದರೆ ನಮ್ಮ ಹೊಟೇಲಿನ ಮಾತಿನಂತೆಯೇ ಕೇಳುತ್ತವೆ. ಇದು ಅವಮಾನವಲ್ಲ, ಗೌರವ. ಅವರಲ್ಲೇ ಕೆಲವರಿಗೆ ಬೇಸರವಿಲ್ಲ. ಇದು ನಮ್ಮ ಪರಂಪರೆ. ಆಟದೊಳಗೆ ಇದನ್ನೆಲ್ಲ ತರಬೇಡಿ.

ಗೌರವ ಎಂಬ ವಾದವನ್ನೇ ನೋಡೋಣ. ಕರೆಗೆ ಮೊದಲು ಇಳಿಯುವ ಹಕ್ಕು ಕೊರಗರದ್ದು, ಅವರ ಡೋಲಿಲ್ಲದೆ ಕಂಬಳವಿಲ್ಲ ಎನ್ನುವವರು ನಮ್ಮಲ್ಲೂ ಇದ್ದಾರೆ. ಕೊರಗ ತನಿಯನನ್ನು ಕೊರಗಜ್ಜನೆಂದು ನಾವು ಪೂಜಿಸುತ್ತೇವೆ. ಕಳೆದುಹೋದ ವಸ್ತು ಸಿಕ್ಕರೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಸಲ್ಲಿಸುತ್ತೇವೆ. ಅದೇ ಊರಿನಲ್ಲಿ ನವರಾತ್ರಿ ಬಂದರೆ ಮೈಗೆ ಮಸಿ ಬಳಿದುಕೊಂಡು, ಹಾಳೆಯ ಟೊಪ್ಪಿ ಇಟ್ಟುಕೊಂಡು 'ಕೊರಗ ವೇಷ' ಹಾಕಿ ನಗಿಸುವುದೂ ಇತ್ತು. ಸಮುದಾಯದವರು ಇದನ್ನು ಮತ್ತೆ ಮತ್ತೆ ಪ್ರತಿಭಟಿಸಿದ್ದಾರೆ, ವೇಷ ಹಾಕಬಾರದೆಂದು ಅಧಿಕಾರಿಗಳೂ ಸೂಚನೆ ಕೊಟ್ಟಿದ್ದಾರೆ. ಕ್ಲೀವ್‌ಲ್ಯಾಂಡಿನ ಕೆಂಪು ಮುಖಕ್ಕೂ ಈ ಕಪ್ಪು ವೇಷಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಗೌರವವೇ ಆಗಿದ್ದರೆ ಪನಿಯಲ್ಲಿ ಕೂರುವ ಸರದಿ ಒಂದು ವರ್ಷವಾದರೂ ಗದ್ದೆಯ ಯಜಮಾನನಿಗೆ ಬರಬೇಕಿತ್ತು.

ಅವರೇ ಒಪ್ಪಿದ್ದರಲ್ಲ, ಅಕ್ಕಿ ಕಳ್ಳು ಕೊಡುತ್ತಿದ್ದರಲ್ಲ ಎಂಬುದು ಮುಂದಿನ ಮಾತು. ಭೂಮಿಯಿಲ್ಲದವರ ಒಪ್ಪಿಗೆ ಎಂಥದ್ದು ಎಂಬುದನ್ನು ಕೊರಗರೇ ಹೇಳಿದ್ದಾರೆ. 1993ರ ಆಗಸ್ಟ್ 18ರಂದು ಅವರು ಭೂಮಿಗಾಗಿ ಮಂಗಳೂರಿನಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಆ ದಿನವನ್ನು ಇಂದಿಗೂ ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಬಳಿಕ ಬಂದ ಮೊಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಶಿಫಾರಸು ಮಾಡಿತು. ಅಜಲು ನಿಷೇಧದ ಕಾನೂನು ಬಂದದ್ದೂ ಈ ಸಂಘಟನೆಯ ಕಾಲದಲ್ಲೇ. ಡೋಲಿನ ವಿಷಯದಲ್ಲಿ ಸಮುದಾಯದೊಳಗೇ ಚರ್ಚೆಯಿದೆ. ಕರೆದಲ್ಲಿಗೆ ಹೋಗಿ ಬಾರಿಸುವುದು ಅಜಲಿನ ಮುಂದುವರಿಕೆ ಎಂದು ಕೆಲವರು, ಡೋಲು ನಮ್ಮ ಕಲೆ, ಅದನ್ನು ನಾವು ನಮ್ಮ ವೇದಿಕೆಯಲ್ಲಿ ಬಾರಿಸುತ್ತೇವೆ ಎಂದು ಇನ್ನು ಕೆಲವರು. ಆ ಚರ್ಚೆ ಅವರದ್ದು, ತೀರ್ಮಾನವೂ ಅವರದ್ದೇ ಆಗಬೇಕು.

ಇನ್ನು ಪರಂಪರೆಯ ಮಾತು. ಇದನ್ನು ನಾವು ಎಷ್ಟು ಜೋರಾಗಿ ಆಡಿದ್ದೇವೆ ಎಂಬುದಕ್ಕೆ 2014ರ ಬಳಿಕದ ವರ್ಷಗಳೇ ಸಾಕ್ಷಿ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪು ಕೊಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ಹಾಕಿತು. 2017ರ ಜನವರಿಯಲ್ಲಿ ನಾವು ಬೀದಿಗಿಳಿದೆವು, ನಾನೂ ಇದ್ದೆ. ಅದೇ ಫೆಬ್ರವರಿಯಲ್ಲಿ ವಿಧಾನಸಭೆ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿಯಿತು. ಆ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕೋಣಗಳು ಓಡಿದವು.

ಈ ಒಂಬತ್ತು ವರ್ಷ ಕೋಣದ ನೋವಿನ ಬಗ್ಗೆ ವಾದವಾಯಿತು. ಬೆತ್ತ ಹೊಡೆಯಬೇಕೇ, ಎಷ್ಟು ಹೊಡೆದರೆ ಹಿಂಸೆ, ಕೋಣವನ್ನು ಮಕ್ಕಳಂತೆ ಸಾಕುತ್ತೇವಲ್ಲ, ಹೀಗೆ. ಅದು ನಡೆಯಬೇಕಾದ ಚರ್ಚೆಯೇ. ಆದರೆ ನಾನು ಹಿಡಿದ ಫಲಕದಲ್ಲಿ 'ನಮ್ಮ ಪರಂಪರೆ' ಎಂದು ಬರೆದಿತ್ತು, ಮತ್ತು ಹದಿನೇಳು ವರ್ಷಗಳ ಹಿಂದೆ ಅದೇ ಪರಂಪರೆಯ ಒಂದು ಭಾಗವನ್ನು ಇದೇ ರಾಜ್ಯ ಅಪರಾಧವೆಂದು ಘೋಷಿಸಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಜತೆ ನಿಂತಿದ್ದ ಯಾರೂ ಅದನ್ನು ಹೇಳಲಿಲ್ಲ. ಕೋಣಗಳ ಪರ ಮಾತಾಡಿದವರ ಬಾಯಲ್ಲೂ ಅದನ್ನು ನಾನು ಕೇಳಲಿಲ್ಲ. ಕೋಣದ ಕಾಲಿಗೆ ಮುಳ್ಳು ತಾಗದಿರಲೆಂದು ಯಾರು ಓಡಿದರೋ ಅವರು ಎರಡೂ ಕಡೆಯ ವಾದದಲ್ಲಿ ಇರಲಿಲ್ಲ.

ಆ ಕಾನೂನಿನಿಂದ ಕಂಬಳ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಕೊರಗರನ್ನು ಓಡಿಸುವುದು ಅಪರಾಧವಾಯಿತು, ಕೋಣಗಳು ಓಡುತ್ತಲೇ ಇವೆ, ಜನ ಮೊದಲಿಗಿಂತ ಹೆಚ್ಚಾಗಿದ್ದಾರೆ. ಹಾಗಾದರೆ ಅದು ಇಲ್ಲದೆ ಕಂಬಳವಿಲ್ಲ ಎಂಬ ಮಾತು ಸುಳ್ಳಾಯಿತಲ್ಲ. ಆಟದ ಮೇಲಿನ ಪ್ರೀತಿಯನ್ನೂ ಆಟದ ಚರಿತ್ರೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಎಂದು ನಾನು ನಂಬುವುದು ಇದರಿಂದಲೇ.

ಮಾವನಿಗೆ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. ಆ ಬೆಳಿಗ್ಗೆ ಅಜ್ಜಿಯ ಮಾತನ್ನಷ್ಟೇ ಹೇಳಿದೆ. ಅಜ್ಜಿ ಅವರ ತಾಯಿ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಚಹಾದ ದುಡ್ಡು ಕೊಟ್ಟು ಹೊರಗೆ ಬಂದ ಮೇಲೆ, "ಇದನ್ನು ಬರೆದರೆ ಕಂಬಳಕ್ಕೆ ಕೆಟ್ಟ ಹೆಸರು ಬರುತ್ತದೆ" ಎಂದರು. ಬೈಕ್ ಸ್ಟಾರ್ಟ್ ಮಾಡಿ, ಮತ್ತೆ ಆಫ್ ಮಾಡಿ, "ಒಬ್ಬರ ಹೆಸರು ನನಗೆ ನೆನಪುಂಟು ಅನಿಸುತ್ತದೆ. ಅವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಅವರನ್ನು ಕೇಳದೆ ಬರೆಯಬೇಡ" ಎಂದರು.

ಅದಕ್ಕೇ ಆ ಹೆಸರು ಇಲ್ಲಿ ಇಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗುವುದೆಂದು ಮಾತಾಗಿದೆ.