ಆರೈಕೆಗೆ ತೆರುವ ಹಣ: ಇಂಗ್ಲೆಂಡಿನ ಸಪೋರ್ಟೆಡ್ ಲಿವಿಂಗ್ ಶುಲ್ಕದ ಚರಿತ್ರೆ

ಬೌದ್ಧಿಕ ಅಂಗವೈಕಲ್ಯ ಅಥವಾ ದೀರ್ಘಕಾಲದ ಮಾನಸಿಕ ಕಾಯಿಲೆಯುಳ್ಳ ವಯಸ್ಕರು ತಮ್ಮದೇ ಹೆಸರಿನ ಬಾಡಿಗೆ ಕರಾರಿನಲ್ಲಿ ಸಣ್ಣ ಮನೆಯೊಂದರಲ್ಲಿದ್ದು, ಸ್ನಾನ, ಅಡುಗೆ, ಔಷಧಿ, ಹಣಕಾಸಿಗೆ ಸಹಾಯಕರ ನೆರವು ಪಡೆಯುವ ಏರ್ಪಾಡಿಗೆ ಇಂಗ್ಲೆಂಡಿನಲ್ಲಿ ಸಪೋರ್ಟೆಡ್ ಲಿವಿಂಗ್ ಎನ್ನುತ್ತಾರೆ. ಬಾಡಿಗೆಯ ಬಹುಪಾಲು ಹೌಸಿಂಗ್ ಬೆನಿಫಿಟ್ ಎಂಬ ಸರ್ಕಾರಿ ಬಾಡಿಗೆ ನೆರವಿನಿಂದ ಸಲ್ಲುತ್ತದೆ. ಆರೈಕೆಯ ವೆಚ್ಚವನ್ನು ಸ್ಥಳೀಯ ಕೌನ್ಸಿಲ್ ಭರಿಸಿ, ಆ ವ್ಯಕ್ತಿಯ ಆದಾಯವನ್ನು ಲೆಕ್ಕ ಹಾಕಿ, ವಾರಕ್ಕಿಷ್ಟು ಎಂದು ಅವರಿಂದ ವಸೂಲು ಮಾಡುತ್ತದೆ. ಈ ವಸೂಲಿಯ ಹಿಂದೆ ಯಾರೋ ಕೂತು ಯೋಚಿಸಿ ರೂಪಿಸಿದ ತತ್ತ್ವವೊಂದಿದೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ದಾಖಲೆಗಳು ಹೇಳುವ ಕಥೆ ಬೇರೆ. ವ್ಯಕ್ತಿಯ ಅಗತ್ಯ ಇದ್ದಂತೆಯೇ ಇತ್ತು. ಅವರನ್ನು ಇರಿಸಿದ ಜಾಗ ಬದಲಾದಾಗಲೆಲ್ಲ ಶುಲ್ಕದ ನಿಯಮವೂ ಬದಲಾಯಿತು.

1948ರ ಜುಲೈ 5ರಂದು ಎರಡು ವ್ಯವಸ್ಥೆಗಳು ಒಟ್ಟಿಗೆ ಜಾರಿಗೆ ಬಂದವು. ಒಂದು, ಎಲ್ಲರಿಗೂ ಉಚಿತವಾದ ರಾಷ್ಟ್ರೀಯ ಆರೋಗ್ಯ ಸೇವೆ. ಇನ್ನೊಂದು, ರಾಷ್ಟ್ರೀಯ ನೆರವು ಕಾಯ್ದೆ. 1601ರಿಂದ ನಡೆದುಬಂದಿದ್ದ ಬಡವರ ಕಾನೂನು ಕೊನೆಗೊಂಡಿತೆಂದು ಸಾರುವ ಮೂಲಕವೇ ಈ ಕಾಯ್ದೆ ಶುರುವಾಗುತ್ತದೆ. ಹಳೆಯ ಕಾನೂನಿನಲ್ಲಿ ದಿಕ್ಕಿಲ್ಲದವರನ್ನು ಪೋಷಿಸುವ ಹೊಣೆಯನ್ನು ತಂದೆತಾಯಿ, ಮಕ್ಕಳ ಮೇಲೂ ಹೊರಿಸಬಹುದಿತ್ತು. ಹೊಸ ಕಾಯ್ದೆ ಅದನ್ನು ಗಂಡಹೆಂಡಿರಿಗೂ ಎಳೆಯ ಮಕ್ಕಳ ತಂದೆತಾಯಿಗೂ ಮಿತಿಗೊಳಿಸಿತು. (ಹೆತ್ತವರ ಪೋಷಣೆಯನ್ನು ಮಕ್ಕಳ ಮೇಲೆ ಕಾನೂನಾಗಿಯೇ ಹೊರಿಸಿದ ಭಾರತದ 2007ರ ಕಾಯ್ದೆ ನಡೆದದ್ದು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ.) ಆದರೆ ಕೌನ್ಸಿಲ್ ನಡೆಸುವ ನಿಲಯಗಳಲ್ಲಿ ವಾಸ ಮಾತ್ರ ಉಚಿತವಾಗಲಿಲ್ಲ. ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಈ ನಿಲಯಗಳನ್ನು ಹೋಟೆಲಿಗೆ ಹೋಲಿಸಿದ್ದರು. ಇಲ್ಲಿರುವವರು ದೀನರಲ್ಲ, ದುಡ್ಡು ಕೊಟ್ಟು ಉಳಿಯುವ ಅತಿಥಿಗಳು ಎಂಬುದು ಅವರ ಆಶಯ. ವಾರದ ಪಿಂಚಣಿ 26 ಷಿಲಿಂಗ್. ಅದರಲ್ಲಿ 21 ನಿಲಯಕ್ಕೆ, 5 ಕೈಖರ್ಚಿಗೆ. ಬಡವರ ಕಾನೂನಿನಡಿ ದಿಕ್ಕಿಲ್ಲದವರನ್ನು ಇರಿಸುತ್ತಿದ್ದ ವರ್ಕ್‌ಹೌಸಿನ ಅವಮಾನವನ್ನು ತೊಡೆಯಲೆಂದೇ ಶುಲ್ಕವನ್ನು ತಂದರು ಎಂಬ ಅಂಶವನ್ನು ಇಂದಿನ ಚರ್ಚೆಗಳು ಮರೆತೇಬಿಟ್ಟಿವೆ.

ಆಗ ಬೌದ್ಧಿಕ ಅಂಗವೈಕಲ್ಯವುಳ್ಳ ಸಾವಿರಾರು ಜನ ಇದ್ದದ್ದು ಆಸ್ಪತ್ರೆಗಳಲ್ಲಿ. ಅಲ್ಲಿನ ಆರೈಕೆಗೆ ಬಿಲ್ಲಿರಲಿಲ್ಲ, ಅಲ್ಲಿನ ಬದುಕು ಬದುಕಾಗಿಯೂ ಇರಲಿಲ್ಲ. ಕಾರ್ಡಿಫ್‌ನ ಈಲಿ ಆಸ್ಪತ್ರೆಯ ದೌರ್ಜನ್ಯಗಳ ಕುರಿತ 1969ರ ವಿಚಾರಣಾ ವರದಿ ಸರ್ಕಾರವನ್ನೇ ಅಲುಗಾಡಿಸಿತು. 1971ರ ಶ್ವೇತಪತ್ರ ಜನರನ್ನು ಸಮುದಾಯದೊಳಕ್ಕೆ ತರುವ ಗುರಿ ಇಟ್ಟಿತು. 1990ರ ಕಾಯ್ದೆಯನ್ವಯ 1993ರ ಏಪ್ರಿಲ್‌ನಿಂದ ಆರೈಕೆಯ ಹೊಣೆ ಕೌನ್ಸಿಲ್‌ಗಳದ್ದಾಯಿತು. ಆಸ್ಪತ್ರೆಯಿಂದ ಹೊರಬಂದವರಿಗೆ ಸಿಕ್ಕ ಸ್ವಾತಂತ್ರ್ಯ ದೊಡ್ಡದು, ಅದನ್ನು ಕಿರಿದು ಮಾಡಬಾರದು. ಆದರೆ ಅದೇ ಹೆಜ್ಜೆಯಲ್ಲಿ ಅವರು ಉಚಿತ ವ್ಯವಸ್ಥೆಯಿಂದ ಶುಲ್ಕದ ವ್ಯವಸ್ಥೆಗೆ ದಾಟಿದರು, ಸದ್ದಿಲ್ಲದೆ.

ಈ ದಾಟುವಿಕೆಗೆ ಕಾನೂನಿನ ಬಾಗಿಲು ಮೊದಲೇ ತೆರೆದಿತ್ತು. 1983ರ ಉದ್ದ ಹೆಸರಿನ ಕಾಯ್ದೆಯೊಂದರ 17ನೇ ಕಲಮು, ನಿಲಯದ ಹೊರಗಿನ ಸೇವೆಗಳಿಗೆ ತಮಗೆ ಸಮಂಜಸವೆನಿಸಿದಷ್ಟು ಶುಲ್ಕ ವಿಧಿಸುವ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಟ್ಟಿತು. ವಿಧಿಸಲೇಬೇಕೆಂದಿರಲಿಲ್ಲ. ಹೀಗಾಗಿ ಒಂದೇ ಸೇವೆಗೆ ಒಂದು ಊರಿನಲ್ಲಿ ಶೂನ್ಯ, ಪಕ್ಕದ ಊರಿನಲ್ಲಿ ಭಾರಿ ಮೊತ್ತ. 2001ರ ಕೊನೆಯಲ್ಲಿ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಶುಲ್ಕ ಕಳೆದ ಮೇಲೂ ವ್ಯಕ್ತಿಯ ಕೈಯಲ್ಲಿ ಮೂಲ ಜೀವನ ಭತ್ಯೆ ಮತ್ತು ಅದರ ಮೇಲೆ ಶೇಕಡಾ 25 ಉಳಿಯಬೇಕು ಎಂದಿತು.

ಇನ್ನೂ ಒಂದು ಗೆರೆ ನ್ಯಾಯಾಲಯದಿಂದ ಬಂತು. ಮಾನಸಿಕ ಆರೋಗ್ಯ ಕಾಯ್ದೆಯಡಿ ಕಡ್ಡಾಯ ಚಿಕಿತ್ಸೆ ಪಡೆದು ಬಿಡುಗಡೆಯಾದವರಿಗೆ ಅದರ 117ನೇ ಕಲಮಿನನ್ವಯ ಕೊಡುವ ಆರೈಕೆಗೆ ಶುಲ್ಕ ಕೂಡದೆಂದು 2002ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಪರಿಣಾಮವೇನೆಂದರೆ ಒಂದೇ ಮನೆಯಲ್ಲಿ, ಒಬ್ಬರೇ ಸಹಾಯಕರಿಂದ ನೆರವು ಪಡೆಯುವ ಇಬ್ಬರಲ್ಲಿ ಒಬ್ಬರಿಗೆ ಬಿಲ್ಲು ಬರಬಹುದು, ಮತ್ತೊಬ್ಬರಿಗೆ ಬಾರದಿರಬಹುದು.

ವಿವೇಚನಾಧಿಕಾರ ಎಲ್ಲಿಗೆ ಹೋಗಬಹುದೆಂಬುದಕ್ಕೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲ್ಹಮ್ ಕೌನ್ಸಿಲ್ ಒಳ್ಳೆಯ ಉದಾಹರಣೆ. ಸ್ಥಳೀಯ ತೆರಿಗೆಯನ್ನು ಶೇಕಡಾ 3ರಷ್ಟು ಇಳಿಸಲು ಹೊರಟ ಅದರ ಆಡಳಿತ ಮನೆಯಾರೈಕೆಗೆ ಶುಲ್ಕ ತಂದಿತು; ಅದನ್ನು ಪ್ರಶ್ನಿಸಿದ ಅಂಗವಿಕಲರು 2009ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಅಧಿಕಾರ ಬದಲಾದ ಮೇಲೆ, 2015ರಲ್ಲಿ, ಅದೇ ಕೌನ್ಸಿಲ್ ಆ ಶುಲ್ಕವನ್ನು ಕಿತ್ತುಹಾಕಿತು. ಕಾನೂನು ಎರಡಕ್ಕೂ ಒಪ್ಪುತ್ತಿತ್ತು.

2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2014ರ ಆರೈಕೆ ಕಾಯ್ದೆ ಹಳೆಯ ತೇಪೆಗಳನ್ನೆಲ್ಲ ತೆಗೆದು ಒಂದೇ ಚೌಕಟ್ಟು ಕಟ್ಟಿತು. ಅದರ 14ನೇ ಕಲಮಿನಲ್ಲೂ ಶುಲ್ಕ ಒಂದು ಅಧಿಕಾರವಷ್ಟೇ, ಕರ್ತವ್ಯವಲ್ಲ. ಉಳಿತಾಯ 23,250 ಪೌಂಡು ಮೀರಿದರೆ ಪೂರ್ತಿ ವೆಚ್ಚ ಅವರದೇ. 14,250ರ ಒಳಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಳೆಯ ಶೇಕಡಾ 25ರ ಜಾಗದಲ್ಲಿ ಕನಿಷ್ಠ ಆದಾಯ ಖಾತರಿ ಎಂಬ ನಿಗದಿತ ಮೊತ್ತ ಬಂತು. ಒಂಟಿಯಾಗಿರುವವರಿಗೆ ಅದರ ಮೂಲ ದರ ಆಗ 25 ವರ್ಷ ತುಂಬಿದ್ದರೆ ವಾರಕ್ಕೆ 91.40 ಪೌಂಡು, 18ರಿಂದ 24ರವರೆಗೆ 72.40, ಪಿಂಚಣಿಯ ವಯಸ್ಸಾದವರಿಗೆ 189 ಇತ್ತು. ದುಡಿಯುವ ವಯಸ್ಸಿನ ಅಂಗವಿಕಲರಿಗೆ ಮೇಲೆ ಒಂದಿಷ್ಟು ಸೇರ್ಪಡೆ ಉಂಟು, ಆದರೂ ಅಂತರ ಎದ್ದು ಕಾಣುತ್ತದೆ. ಈ ದರಗಳು 2022ರವರೆಗೆ ಒಂದು ಪೆನ್ನಿಯೂ ಏರಲಿಲ್ಲ. ಬೆಲೆಗಳು ಏರಿದವು; ಖಾತರಿಯ ತಿರುಳು ಅಷ್ಟಷ್ಟೇ ಸವೆಯಿತು. ಇಂಥ ಕಡಿತಕ್ಕೆ ಸಂಸತ್ತಿನಲ್ಲಿ ಮತ ಹಾಕಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ನಾರ್ಫೋಕ್ ಕೌಂಟಿ ಕೌನ್ಸಿಲ್‌ನ ಪ್ರಕರಣ ಮುಖ್ಯವಾಗುವುದು ಇಲ್ಲಿ. ಅದುವರೆಗೆ ಖಾತರಿಯನ್ನು ಕಾನೂನಿನ ಕನಿಷ್ಠಕ್ಕಿಂತ ಎತ್ತರದಲ್ಲಿ ಇಟ್ಟಿದ್ದ ಕೌನ್ಸಿಲ್, 2019ರಿಂದ ಅದನ್ನು ಇಳಿಸತೊಡಗಿತು, ಜೊತೆಗೆ ಅಂಗವಿಕಲರ ದಿನನಿತ್ಯದ ಭತ್ಯೆಯ ಹೆಚ್ಚುವರಿ ಭಾಗವನ್ನೂ ಆದಾಯವೆಂದು ಎಣಿಸಿತು. ಡೌನ್ ಸಿಂಡ್ರೋಮ್ ಇರುವ ಯುವತಿಯೊಬ್ಬರ ವಾರದ ಶುಲ್ಕ 16.88 ಪೌಂಡಿನಿಂದ 50.53ಕ್ಕೆ ಏರುವುದಿತ್ತು. 2020ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನು ತಾರತಮ್ಯವೆಂದು ಘೋಷಿಸಿತು. ತರ್ಕ ಸರಳ: ನಿಯಮದ ಪ್ರಕಾರ ದುಡಿಮೆಯ ಸಂಪಾದನೆ ಲೆಕ್ಕಕ್ಕಿಲ್ಲ, ಭತ್ಯೆ ಲೆಕ್ಕಕ್ಕುಂಟು. ಹಾಗಾದರೆ ದುಡಿಯಬಲ್ಲ ಅಂಗವಿಕಲರಿಗಿಂತ, ದುಡಿಯಲಾರದಷ್ಟು ತೀವ್ರ ವೈಕಲ್ಯವುಳ್ಳವರೇ ತಮ್ಮ ಆದಾಯದ ದೊಡ್ಡ ಪಾಲನ್ನು ತೆರುತ್ತಾರೆ. ಕೆಲಸಕ್ಕೆ ಹೋಗಲು ಹುರಿದುಂಬಿಸಲೆಂದು ಮಾಡಿದ ನಿಯಮ ಕೆಲಸವೇ ಸಾಧ್ಯವಿಲ್ಲದವರಿಗೆ ಹೊರೆಯಾಗಿತ್ತು. ತೀರ್ಪು ಬಿದ್ದದ್ದು ಆ ಕೌನ್ಸಿಲ್‌ನ ನೀತಿಯ ಮೇಲೆ, ಶುಲ್ಕದ ಅಧಿಕಾರದ ಮೇಲಲ್ಲ.

ಗಡಿಯಾಚೆ ನೋಡಿದರೆ ವೇಲ್ಸ್ 2011ರಲ್ಲಿ ಇಂಥ ಸೇವೆಗಳಿಗೆ ವಾರಕ್ಕೆ 50 ಪೌಂಡಿನ ಗರಿಷ್ಠ ಮಿತಿ ತಂದಿತು. 2020ರ ಹೊತ್ತಿಗೆ ಅದು 100 ಆಗಿತ್ತು. ಸ್ಕಾಟ್ಲೆಂಡ್ ವೃದ್ಧರ ವೈಯಕ್ತಿಕ ಆರೈಕೆಯನ್ನು 2002ರಲ್ಲಿ, 65ರೊಳಗಿನವರದನ್ನು 2019ರಲ್ಲಿ ಉಚಿತಗೊಳಿಸಿತು.

ಇಂಗ್ಲೆಂಡಿನಲ್ಲೂ ಬೇರೆ ದಾರಿಯೊಂದು ಕಂಡಿತ್ತು. ಆರೈಕೆಯ ಹಣಕಾಸಿನ ಕುರಿತ ಆಂಡ್ರ್ಯೂ ಡಿಲ್ನಾಟ್ ಅವರ ಆಯೋಗ 2011ರಲ್ಲಿ, ಆರೈಕೆಯ ಅಗತ್ಯದೊಂದಿಗೇ ಪ್ರಾಯಕ್ಕೆ ಬರುವವರಿಗೆ ಆದಾಯ ಪರಿಶೀಲನೆಯಿಲ್ಲದೆ ಉಚಿತ ಆರೈಕೆ ಸಿಗಬೇಕೆಂದು ಶಿಫಾರಸು ಮಾಡಿತು. ಉಳಿತಾಯ ಮಾಡಲು ಅವರಿಗೆ ಅವಕಾಶವೇ ಸಿಕ್ಕಿರುವುದಿಲ್ಲವಲ್ಲ. ಹತ್ತು ವರ್ಷದ ನಂತರ ಸರ್ಕಾರ ಪ್ರಕಟಿಸಿದ ಯೋಜನೆ ಆ ಭೇದವನ್ನು ಕೈಬಿಟ್ಟು, ಎಲ್ಲ ವಯಸ್ಸಿನವರಿಗೂ ಜೀವಮಾನದಲ್ಲಿ ಆರೈಕೆಗೆ ತೆರುವ ಹಣದ ಮಿತಿ 86,000 ಪೌಂಡು ಎಂದಿತು. ವಾರಕ್ಕೆ 50.53 ತೆರುವ ಇಪ್ಪತ್ತನಾಲ್ಕರ ಯುವತಿ ಆ ಮಿತಿ ಮುಟ್ಟಲು ಸುಮಾರು 33 ವರ್ಷ ಬೇಕು. 2024ರ ಜುಲೈನಲ್ಲಿ ಹೊಸ ಸರ್ಕಾರ ಆ ಮಿತಿಯನ್ನೂ ರದ್ದುಗೊಳಿಸಿತು.