ಚೇಳಿನ ಬಾಲದಿಂದ ಗೂಗಲ್‌ವರೆಗೆ

ಕೊಂಡಿ: ಸರ ಹಾಕಿಕೊಳ್ಳುವವರಿಗೆ ಇದು ಕೊಕ್ಕೆ, ಹೊಲದಲ್ಲಿ ಓಡಾಡುವವರಿಗೆ ಚೇಳಿನ ಬಾಲದ ತುದಿ. ತೆಲುಗಿನ ಚೇಳಿಗೂ ಕೊಂಡಿಯೇ. ತಮಿಳಿನಲ್ಲಿ ಬಾಗಿಲಿನ ಕೊಂಡಿ. ಎಲ್ಲ ಕಡೆಯೂ ಬಾಗಿ ಸಿಕ್ಕಿಕೊಳ್ಳುವ ವಸ್ತು. ಈಗ ಅಂತರ್ಜಾಲದ ‘ಲಿಂಕ್’ಗೂ ಅದೇ ಪದ, ಚೆನ್ನಾಗಿಯೇ ಒಗ್ಗಿದೆ.

ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಹುಡುಕಾಟದಲ್ಲಿ ಯಾವ ಪುಟ ಮುಂದೆ ಬರಬೇಕೆಂದು ಅಳೆಯಲು 1998ರಲ್ಲಿ ಮುಂದಿಟ್ಟ ಪೇಜ್‌ರ‍್ಯಾಂಕ್ ಲೆಕ್ಕ ನಿಂತದ್ದು ಕೊಂಡಿಯ ಮೇಲೆ. ಬೇರೆ ಪುಟದಿಂದ ಬಂದ ಪ್ರತಿ ಕೊಂಡಿಯೂ ಒಂದು ಶಿಫಾರಸು. ಶಿಫಾರಸು ಮಾಡಿದವರ ತೂಕವೇ ಅದರ ತೂಕ. ನೂರು ಪುಡಿ ಪುಟಗಳಿಗಿಂತ ಹೆಸರಾಂತ ವಿಶ್ವವಿದ್ಯಾಲಯದ ಒಂದೇ ಕೊಂಡಿ ಹೆಚ್ಚು ತೂಗಬಹುದು. ಆಮೇಲೆ ದುಡ್ಡಿಗೆ ‘ಕೊಂಡ ಕೊಂಡಿ’ಗಳೂ ಬಂದವು (ಶ್ಲೇಷೆ ನನ್ನದಲ್ಲ, ಕನ್ನಡದ್ದು). 2012ರಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು ಅಂಥ ಕೊಂಡಿಗಳ ತಾಣಗಳನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಿತು. ಕೊಂಡವರಿಗೆ ಚೇಳಿನ ಅರ್ಥವೂ ತಿಳಿಯಿತು.