ಮಾರ್ಷಲ್ ವಿದ್ಯಾರ್ಥಿಗಳ ೧೯೭೧ನೆಯ ಕ್ರೀಡಾವರ್ಷ

ವಿಜಯಗಳ ಸಂಖ್ಯೆಯಿಂದಲೇ ಕ್ರೀಡಾಚರಿತ್ರೆಯನ್ನು ಅಳೆಯುವುದು ಲೋಕರೂಢಿ. ಆದರೆ ಹತ್ತು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ತಂಡವೊಂದನ್ನು ಅಮೆರಿಕೆಯ ವೆಸ್ಟ್ ವರ್ಜೀನಿಯಾ ಸಂಸ್ಥಾನದ ಜನರು ಇಂದಿಗೂ ಆದರದಿಂದ ಸ್ಮರಿಸುತ್ತಾರೆ. ಅದು ಹಂಟಿಂಗ್ಟನ್ ಪಟ್ಟಣದ ಮಾರ್ಷಲ್ ವಿಶ್ವವಿದ್ಯಾನಿಲಯದ ತಂಡ. ಆ ದೇಶದ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡಾದರೂ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ವ್ಯೂಹವನ್ನು ಭೇದಿಸುವ ಆಟವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೧೯೭೦ನೆಯ ಇಸವಿ ನವೆಂಬರ್ ೧೪ರಂದು ಈ ತಂಡವು ನಾರ್ತ್ ಕೆರೊಲಿನಾದಲ್ಲಿ ೧೭–೧೪ರಿಂದ ಪಂದ್ಯವನ್ನು ಸೋತು ವಿಮಾನದಲ್ಲಿ ಹಿಂದಿರುಗುತ್ತಿತ್ತು. ಮಳೆಮಂಜು ಕವಿದ ಆ ರಾತ್ರಿ, ಊರು ಸೇರಲು ಕೆಲವೇ ನಿಮಿಷಗಳಿರುವಾಗ, ವಿಮಾನವು ಗುಡ್ಡದ ಮರಗಳಿಗೆ ತಾಗಿ ಉರುಳಿ ಉರಿದುಹೋಯಿತು. ೩೭ ಮಂದಿ ಆಟಗಾರರು, ಅವರ ಮುಖ್ಯ ಶಿಕ್ಷಕರಾದ ರಿಕ್ ಟಾಲಿಯವರು, ಜೊತೆಗೆ ಹೋಗಿದ್ದ ಪುರಜನರು, ಹೀಗೆ ೭೫ ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಗುರುತು ಸಿಕ್ಕದ ಆರು ಮಂದಿ ಆಟಗಾರರನ್ನು ಒಂದೇ ಸ್ಥಳದಲ್ಲಿ ಸಮಾಧಿ ಮಾಡಿದರು.

ಇನ್ನು ಆಟವನ್ನೇ ಕೈಬಿಡಬೇಕೆ ಎಂಬ ಪ್ರಶ್ನೆ ಎದ್ದಿತು. ಗಾಯದ ಕಾರಣದಿಂದ ಪ್ರಯಾಣ ತಪ್ಪಿದ್ದ ನೇಟ್ ರಫಿನ್ ಮೊದಲಾದವರು ಮುಂದುವರಿಯಬೇಕೆಂದರು. ಆದರೆ ಶಿಕ್ಷಕರು ದೊರೆಯುವುದು ಕಷ್ಟವಾಯಿತು. ಒಬ್ಬರು ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ಹಿಂದಿರುಗಿದರು. ಕೊನೆಗೆ ಒಹಾಯೊ ಸಂಸ್ಥಾನದ ವೂಸ್ಟರ್ ಕಾಲೇಜಿನಲ್ಲಿದ್ದ ಜ್ಯಾಕ್ ಲೆಂಗ್ಯೆಲ್ ಎಂಬವರು ೧೯೭೧ರಲ್ಲಿ ಆ ಭಾರವನ್ನು ಹೊತ್ತರು.

ಅವರಿಗೆ ದೊರೆತ ಸಾಮಗ್ರಿ ಅತ್ಯಲ್ಪ. ಪ್ರಥಮ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಕೂಡದೆಂಬ ನಿಯಮವು ಆಗ ಇದ್ದಿತು. ಕ್ರೀಡಾಮಂಡಲಿಯವರು ಮಾರ್ಷಲ್‌ಗಾಗಿ ಅದನ್ನು ಸಡಿಲಿಸಿದರು. ಬೇರೆ ಆಟಗಳ ತರುಣರೂ ಬಂದು ಸೇರಿದರು. ಎಳೆಯರ ಈ ತಂಡಕ್ಕೆ ದೈಹಿಕಬಲವು ಸಾಲದೆಂದು ಕಂಡು ಲೆಂಗ್ಯೆಲ್ಲರು 'ವೀರ್' ಎಂಬ ವ್ಯೂಹವನ್ನು ಆರಿಸಿದರು. ಅದರಲ್ಲಿ ತಂಡದ ನಾಯಕನು ಎದುರಾಳಿಯೊಬ್ಬನ ಚಲನೆಯನ್ನು ನೋಡಿ, ಚೆಂಡನ್ನು ಸಂಗಡಿಗನಿಗೆ ಕೊಡುವುದೋ ತಾನೇ ಹಿಡಿದು ಓಡುವುದೋ ಎಂದು ಕ್ಷಣಮಾತ್ರದಲ್ಲಿ ನಿರ್ಣಯಿಸುತ್ತಾನೆ. ಬಲದ ಕೊರತೆಯನ್ನು ಬುದ್ಧಿಯೂ ವೇಗವೂ ತುಂಬುತ್ತವೆ. ಇದನ್ನು ಕಲಿಸಿಕೊಟ್ಟವರು ಅದೇ ಸಂಸ್ಥಾನದ ಮತ್ತೊಂದು ವಿಶ್ವವಿದ್ಯಾನಿಲಯದ ಶಿಕ್ಷಕರಾದ ಬಾಬಿ ಬೌಡನ್ನರ ಕಡೆಯವರು. ತಮ್ಮ ವಿದ್ಯೆಯನ್ನು ನೆರೆಯವರಿಂದ ಮರೆಮಾಡದ ಈ ಔದಾರ್ಯವು ಉಪಾಧ್ಯಾಯವರ್ಗಕ್ಕೆಲ್ಲ ಭೂಷಣ.

ಮೊದಲ ಪಂದ್ಯದಲ್ಲಿ ೨೯–೬ರ ಸೋಲಾಯಿತು. ಸೆಪ್ಟೆಂಬರ್ ೨೫ರಂದು ತಮ್ಮೂರಿನ ಮೈದಾನದಲ್ಲಿ ಜೇವಿಯರ್ ತಂಡದೊಡನೆ ಆಡುತ್ತ, ಕಾಲಾವಧಿ ಮುಗಿಯುತ್ತಿದ್ದಂತೆ ೧೩–೯ರಿಂದ ಹಿಂದಿದ್ದರು. ಕಟ್ಟಕಡೆಯ ಕ್ಷಣದಲ್ಲಿ ರೆಜಿ ಆಲಿವರ್ ಎಸೆದ ಚೆಂಡನ್ನು ಟೆರಿ ಗಾರ್ಡ್ನರ್ ಹಿಡಿದು ಗುರಿ ಮುಟ್ಟಿದನು, ೧೫–೧೩ರಿಂದ ಜಯ! ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಹರ್ಷದಿಂದಲೂ ದುಃಖದಿಂದಲೂ ಅತ್ತರು. ಬಳಿಕ ಬೌಲಿಂಗ್ ಗ್ರೀನ್ ತಂಡವನ್ನು ೧೨–೧೦ರಿಂದ ಗೆದ್ದರು. ಉಳಿದ ಎಂಟೂ ಸೋಲುಗಳೇ.

ಲೆಂಗ್ಯೆಲ್ಲರು ನಾಲ್ಕು ವರ್ಷ ದುಡಿದು ಗಳಿಸಿದ್ದು ೯ ಜಯ, ೩೩ ಅಪಜಯ. ಜಯಗಳೇ ಹೆಚ್ಚಾದ ವರ್ಷವನ್ನು ಮಾರ್ಷಲ್ ಕಂಡದ್ದು ೧೯೮೪ರಲ್ಲಿ. ೧೯೯೨ರಲ್ಲಿ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿಯೂ ಬಂದಿತು. ಫಲವನ್ನು ಉಂಡವರು ಬೇರೆಯವರು. ದಾನ ಮಾಡಿದವನಿಗಿಂತ ಅದನ್ನು ಅಳಿಯದಂತೆ ಪಾಲಿಸಿದವನೇ ಮೇಲೆಂದು ನಮ್ಮ ಪೂರ್ವಿಕರ ಶಾಸನಗಳು ಸಾರುತ್ತವೆ. ಆ ತೂಕದಲ್ಲಿ ಇಟ್ಟರೆ ಎರಡು ಜಯಗಳ ಆ ವರ್ಷವು ಹಗುರವಾದುದಲ್ಲ.

ವಿಶ್ವವಿದ್ಯಾನಿಲಯದ ಆವರಣದಲ್ಲಿ ಮೃತರ ಸ್ಮಾರಕವಾಗಿ ಒಂದು ಕಾರಂಜಿಯುಂಟು. ಪ್ರತಿವರ್ಷ ನವೆಂಬರ್ ೧೪ರಂದು ಅದರ ನೀರನ್ನು ನಿಲ್ಲಿಸುತ್ತಾರೆ. ವಸಂತದಲ್ಲಿ ಮರಳಿ ಹರಿಯಬಿಡುತ್ತಾರೆ.